ಹನ್ನೆರಡು ನಲವತ್ತರ ಚೀಟಿ

ಎಲ್ಲ ಕೆಡಲು ಶುರುವಾದದ್ದು ಬೆಳಗ್ಗೆ ಹನ್ನೊಂದು ಗಂಟೆ ಮೂವತ್ತೈದು ನಿಮಿಷಕ್ಕೆ. ಇಷ್ಟು ಖಚಿತವಾಗಿ ಹೇಳಲು ನಾನೇನು ಗಡಿಯಾರ ನೋಡಿಕೊಂಡು ಕೂತಿರಲಿಲ್ಲ. ನನ್ನ ಹತ್ತಿರ ಚೀಟಿ ಇದೆ. ಹಳದಿ ಕಾಗದ, ಬಸ್ ಟಿಕೆಟ್ಟಿಗಿಂತ ಸ್ವಲ್ಪ ದೊಡ್ಡದು. ಮೇಲ್ಗಡೆ ನೀಲಿ ಮಸಿಯಲ್ಲಿ ಚೀಟಿ ಕೊಟ್ಟ ಹೊತ್ತು, ಹನ್ನೊಂದು ಮೂವತ್ತೈದು. ಕೆಳಗೆ ದಪ್ಪಕ್ಷರದಲ್ಲಿ ನಾನು ಆಟಕ್ಕೆ ಬರಬೇಕಾದ ಹೊತ್ತು, ಹನ್ನೆರಡು ನಲವತ್ತು. ನಡುವೆ ಮಕ್ಕಳ ಪುಸ್ತಕದಲ್ಲಿರುವಂಥ ಒಂದು ದೋಣಿಯ ಚಿತ್ರ. ಮೊನ್ನೆ ಯಾವುದೋ ಪದದ ಅರ್ಥ ನೋಡಲು ನಿಘಂಟು ಬಿಚ್ಚಿದಾಗ ಮಡಿಲಿಗೆ ಬಿತ್ತು. ನೋಡಬೇಕಾಗಿದ್ದ ಪದ ಯಾವುದೆಂದು ಆಮೇಲೆ ನೆನಪಾಗಲಿಲ್ಲ.

ಆ ಚೀಟಿಯನ್ನು ನಾನು ಬಳಸಲಿಲ್ಲ. ಬಳಸಿದ ಚೀಟಿಯ ಮೂಲೆ ಹರಿದಿರಬೇಕು, ಇದರ ನಾಲ್ಕೂ ಮೂಲೆ ನೆಟ್ಟಗಿವೆ. ಹಾಗೆ ನೋಡಿದರೆ ಇಷ್ಟು ವರ್ಷವಾದರೂ ನನ್ನ ಹನ್ನೆರಡು ನಲವತ್ತು ಇನ್ನೂ ಬಂದಿಲ್ಲ. ಹನ್ನೆರಡು ಹದಿನಾಲ್ಕರಲ್ಲೇ ನಾನು ನಿಂತುಬಿಟ್ಟಿದ್ದೇನೆ.

ಅದನ್ನು ಹೇಳುವ ಮುಂಚೆ ಟವೆಲ್ಲಿನ ವಿಷಯ ಹೇಳಬೇಕು. ಹೇಳಲು ಹೆದರಿಕೆಯಾದ ಮಾತಿಗೆ ನಾನು ಯಾವಾಗಲೂ ಸುತ್ತು ಬಳಸಿಯೇ ಬರುವುದು. ಕ್ಲಾಸಿನಲ್ಲೂ ಹೀಗೇ, ಮಿಸ್ಸು ಪಾಠಕ್ಕೆ ಬರುವಷ್ಟರಲ್ಲಿ ಬೆಲ್ಲು ಹೊಡೆಯುತ್ತದೆ ಎಂದು ನನ್ನ ಹೈಸ್ಕೂಲು ಮಕ್ಕಳು ಹಿಂದಿನಿಂದ ನಗುತ್ತಾರೆ.

ನಮ್ಮ ಅಪ್ಪನಿಗೆ ಸಂತೇಪೇಟೆಯಲ್ಲಿ ಸಣ್ಣ ಜವಳಿ ಅಂಗಡಿಯಿತ್ತು. ಸೋಮವಾರ ಬೆಳಗ್ಗೆ ಅಂಗಡಿ ತೆಗೆಯುವ ಮುಂಚೆ ನಂಜನಗೂಡಿಗೆ ಹೋಗಿ ದೇವರಿಗೆ ಕೈಮುಗಿದು ಬರಬೇಕು, ಅದು ಮನೆಯ ಪದ್ಧತಿ. ಸೋಮವಾರ ಬಸ್ಸು ನಿಲ್ದಾಣಕ್ಕೆ ಬರುವುದೇ ತಡ, ಬಾಗಿಲಿಗೆ ಜನ ಜೇನುಹುಳುವಿನ ಹಾಗೆ ಕವಿಯುತ್ತಿದ್ದರು. ಅಪ್ಪ ಬಾಗಿಲ ಕಡೆ ತಲೆ ಹಾಕುತ್ತಲೇ ಇರಲಿಲ್ಲ. ನನ್ನ ಸೊಂಟ ಹಿಡಿದು ಎತ್ತುತ್ತಿದ್ದರು. ನಾನು ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ಸೀಟಿನ ಮೇಲೆ ಟವೆಲ್ ಹಾಸುತ್ತಿದ್ದೆ. ಮುಗಿಯಿತು, ಸೀಟು ನಮ್ಮದು. ಆಮೇಲೆ ಅಪ್ಪ, ಅಮ್ಮ, ನಾನು, ತಂಗಿ ಶೈಲಾ ಮದುವೆ ಮನೆಗೆ ಹೋಗುವವರ ಗತ್ತಿನಲ್ಲಿ ಕೊನೆಗೆ ಹತ್ತುತ್ತಿದ್ದೆವು.

ಇದಕ್ಕೊಂದು ಕಾನೂನಿತ್ತು. ಕರವಸ್ತ್ರಕ್ಕೆ ಒಂದು ಸೀಟು. ಉದ್ದಕ್ಕೆ ಹಾಸಿದ ಟವೆಲ್ಲಿಗೆ ಎರಡು. ಮೂರು ಎಂದು ವಾದಿಸುವವರೂ ಇದ್ದರು. ಇನ್ನೊಬ್ಬರ ಟವೆಲ್ ಎತ್ತಿ ಕೂತವನನ್ನು ನಾನು ಕಂಡಿಲ್ಲ. ಯಾರಾದರೂ ಹೊಸಬರು ಸೀಟಿನ ಕಡೆ ಬಗ್ಗಿದರೆ ‘ಟವೆಲ್ ಹಾಕಿದ್ದೀವಿ ಕಣ್ರೀ’ ಅಂದರೆ ಸಾಕು, ಅವರು ನಾಚಿಕೊಂಡು ಹಿಂದೆ ಸರಿಯುತ್ತಿದ್ದರು. ಸೀಮೆಎಣ್ಣೆ ಅಂಗಡಿಯ ಮುಂದೆಯೂ ಇದೇ ನ್ಯಾಯ. ಕ್ಯೂನಲ್ಲಿ ಜನರ ಬದಲು ಡಬ್ಬ ನಿಲ್ಲುತ್ತಿತ್ತು. ಮನೆಯಲ್ಲಿ ಡಬ್ಬ ಬೇಕಾದರೆ ಡಬ್ಬದ ಬದಲು ಕಲ್ಲು ನಿಲ್ಲುತ್ತಿತ್ತು. ನಮ್ಮ ಕಲ್ಲನ್ನು ಎರಡು ಗಂಟೆಯ ಮೇಲೆ ಹೋಗಿ ನೋಡಿದರೆ ನಾಲ್ಕು ಕಲ್ಲು ಮುಂದೆ ಬಂದಿರುತ್ತಿತ್ತು. ಯಾರು ಸರಿಸಿದರೋ ಗೊತ್ತಿಲ್ಲ, ಯಾರಾದರೂ ಸರಿಸಿರುತ್ತಿದ್ದರು.

ಅಮ್ಮನ ಟವೆಲ್ ಕೆಂಪು ಚೌಕುಳಿಯದು, ಅಪ್ಪನ ಅಂಗಡಿಯದೇ. ಪ್ಲಾಸ್ಟಿಕ್ ವೈರಿನ ಬುಟ್ಟಿಯಲ್ಲಿ ತಳಕ್ಕೆ ಅದು, ಅದರ ಮೇಲೆ ಉಳಿದದ್ದೆಲ್ಲ. ನಾನು ಎಂ.ಎ. ಸೇರಿದ ಮೇಲೆ ಅದನ್ನು ಕಂಡರೆ ನಾಚಿಕೆಯಾಗತೊಡಗಿತು. ಇದು ಅನಾಗರಿಕ, ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಹತ್ತೋಣ ಎಂದು ಒಂದು ಸೋಮವಾರ ಮನೆಯವರಿಗೆಲ್ಲ ಭಾಷಣ ಮಾಡಿದೆ. ಅವತ್ತು ನಂಜನಗೂಡಿನವರೆಗೆ ನಾಲ್ವರೂ ಒಂಟಿಕಾಲಲ್ಲಿ ಹೋದೆವು. ಅಮ್ಮ ಇಳಿಯುವಾಗ, ಓದಿದೋರು ಹೇಳಿದ ಮೇಲೆ ಕಾಲು ನೋಯಲೇಬೇಕು ಎಂದಳು. ಎಷ್ಟೋ ವರ್ಷದ ಮೇಲೆ, ಗೋಕುಲಂನ ನಮ್ಮ ಬೀದಿಯಲ್ಲಿ ಯೋಗ ಕಲಿಯಲು ಬಂದ ವಿದೇಶದವರು ಚಾಪೆ ಹಾಸಿ ಜಾಗ ಹಿಡಿದು ಕಾಫಿಗೆ ಹೋಗುವುದನ್ನು ಕಂಡಾಗ ಅಮ್ಮ ನನ್ನ ಕಡೆ ತಿರುಗಿ ಸುಮ್ಮನೆ ಹುಬ್ಬು ಏರಿಸಿದ್ದಳು.

ಇನ್ನು ಪಾರ್ಕಿಗೆ ಬರುತ್ತೇನೆ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆ. ಊರಾಚೆ ಒಂದು ಆಟದ ಪಾರ್ಕು ಶುರುವಾಗಿತ್ತು. ಈಗ ಅದಿಲ್ಲ, ಸೈಟು ಮಾಡಿ ಮಾರಿದ್ದಾರೆ. ಅಪ್ಪ ಹೋದ ಮೇಲೆ ಅಮ್ಮ ಗೋಕುಲಂನಲ್ಲಿ ನನ್ನ, ನನ್ನ ಗಂಡನ ಜೊತೆ ಇದ್ದಳು. ಶೈಲಾ ಮದುವೆಯಾಗಿ ವಿಜಯನಗರದಲ್ಲಿದ್ದಳು. ಅವಳ ಒಬ್ಬಳೇ ಮಗಳು ಚಿತ್ರಾಳಿಗೆ ಆಗ ಎಂಟು ವರ್ಷ. ಆ ಹುಡುಗಿ ರಜೆ ಬಂದರೆ ಅವರ ಮನೆಗಿಂತ ನಮ್ಮ ಮನೆಯಲ್ಲೇ ಜಾಸ್ತಿ ಇರುತ್ತಿದ್ದಳು. ದೊಡ್ಡಮ್ಮ ದೊಡ್ಡಮ್ಮ ಎಂದು ನನ್ನ ಸೆರಗು ಬಿಡುತ್ತಿರಲಿಲ್ಲ. ಪಾರ್ಕಿನ ದೋಣಿಯ ವಿಷಯ ಅವಳಿಗೆ ಸ್ಕೂಲಲ್ಲಿ ಯಾರೋ ಹೇಳಿದ್ದರು. ಎರಡು ಕಂಬಗಳ ನಡುವೆ ತೂಗುಬಿಟ್ಟ ದೊಡ್ಡ ದೋಣಿ, ಉಯ್ಯಾಲೆಯ ಹಾಗೆ ಹಿಂದಕ್ಕೂ ಮುಂದಕ್ಕೂ ಹೋಗುತ್ತದೆ, ಕಡೇ ಸಾಲಿನಲ್ಲಿ ಕೂತರೆ ಆಕಾಶಕ್ಕೇ ಹೋಗಿ ಬಂದ ಹಾಗೆ. ಕಡೇ ಸಾಲು, ಕಡೇ ಸಾಲು ಎಂದು ಹದಿನೈದು ದಿನ ಪಟ್ಟು ಹಿಡಿದಳು. ಒಂದು ಭಾನುವಾರ ನಾನು, ಅಮ್ಮ, ಶೈಲಾ, ಚಿತ್ರಾ ಹೊರಟೆವು. ಬುಟ್ಟಿಯ ತಳದಲ್ಲಿ ಟವೆಲ್ ಇತ್ತು.

ಆ ಬೇಸಿಗೆಯಿಂದ ಅಲ್ಲೊಂದು ಹೊಸ ಏರ್ಪಾಡು. ಇನ್ನು ಮೇಲೆ ಯಾರೂ ಆಟದ ಮುಂದೆ ಕ್ಯೂ ನಿಲ್ಲಬೇಕಾಗಿಲ್ಲ. ಒಳಗೆ ಬಂದ ಕೂಡಲೇ ಒಂದು ಕಿಟಕಿಯಲ್ಲಿ ಒಂದೊಂದು ಆಟಕ್ಕೂ ಒಂದೊಂದು ಬಣ್ಣದ ಚೀಟಿಯನ್ನು ಮುಂಗಡವಾಗಿ ಪಡೆಯಬೇಕು. ಅದರಲ್ಲಿ ನಿಮ್ಮ ಹೊತ್ತು ಇರುತ್ತದೆ. ಆ ಹೊತ್ತಿನವರೆಗೆ ನೀವು ಹುಲ್ಲಿನ ಮೇಲೆ ಆರಾಮವಾಗಿ ಓಡಾಡಬಹುದು. ‘ಕ್ಯೂ ಇಲ್ಲದ ಪಾರ್ಕ್’ ಎಂದು ದೊಡ್ಡ ಬೋರ್ಡು ಬರೆಸಿದ್ದರು. ಆ ಬೋರ್ಡಿನ ಕೆಳಗೆ, ಚೀಟಿ ಪಡೆಯುವ ಕ್ಯೂನಲ್ಲಿ, ನಾನು ಐವತ್ತು ನಿಮಿಷ ನಿಂತೆ.

ಕಿಟಕಿಯಲ್ಲಿದ್ದ ಹೆಣ್ಣುಮಗಳು ತಲೆಯೆತ್ತದೆ ಮುದ್ರೆ ಒತ್ತುತ್ತಿದ್ದಳು. ದೋಣಿಗೆ ಹನ್ನೆರಡು ಹತ್ತಕ್ಕೆ ಇಬ್ಬರಿಗೆ ಮಾತ್ರ ಜಾಗ ಉಳಿದಿತ್ತು. ಮೂರನೆಯದಕ್ಕೆ ಹನ್ನೆರಡು ನಲವತ್ತು ಒತ್ತಿದಳು. ನೀರಿನ ಬಂಡಿಗೆ ಹನ್ನೆರಡು ಹದಿನೈದು. ನೀರಿನ ಬಂಡಿ ಪಾರ್ಕಿನ ಇನ್ನೊಂದು ಮೂಲೆಯಲ್ಲಿದೆ, ದೋಣಿಯಿಂದ ಇಳಿಯುವ ಮುಂಚೆಯೇ ಅದನ್ನು ಹತ್ತುವುದು ಹೇಗೆ ಎಂದು ಕೇಳಿದೆ. ಒತ್ತಿದ ಮುದ್ರೆ ಅಳಿಸಕ್ಕಾಗಲ್ಲ ಮೇಡಂ ಎಂದಳು. ದೊಡ್ಡ ಚಕ್ರಕ್ಕೆ ಮೂರು ಹತ್ತು. ನಮ್ಮ ಹಿಂದಿದ್ದ ಒಬ್ಬ ಹಿರಿಯರಿಗೆ ನಾಲ್ಕೂವರೆಯ ಮೇಲಿನ ಹೊತ್ತು ಸಿಕ್ಕಿತು. ಭಾನುವಾರ ಅದು ರಾಹುಕಾಲ, ಮೊಮ್ಮಗನನ್ನು ಅಷ್ಟು ಎತ್ತರಕ್ಕೆ ಕಳಿಸುವುದಿಲ್ಲ ಎಂದು ಅವರು ಕಿಟಕಿ ಬಿಟ್ಟು ಕದಲಲಿಲ್ಲ. ಆಮೇಲೆ ನೋಡಿದರೆ ಹುಲ್ಲಿನ ಮೇಲೆ ಯಾರೂ ಆರಾಮವಾಗಿ ಓಡಾಡುತ್ತಿರಲಿಲ್ಲ. ಎಲ್ಲರೂ ಕೈಯಲ್ಲಿ ಬಣ್ಣದ ಚೀಟಿ ಹಿಡಿದು ಒಬ್ಬರನ್ನೊಬ್ಬರು ಅಡ್ಡಹಾಕಿ, ಎರಡು ಚಕ್ರ ಕೊಡ್ತೀವಿ ಒಂದು ದೋಣಿ ಕೊಡಿ ಎಂದು ಚೌಕಾಸಿ ಮಾಡುತ್ತಿದ್ದರು. ನಾನೂ ಕೇಳಿದೆ. ನನ್ನ ಹನ್ನೆರಡು ನಲವತ್ತನ್ನು ಯಾರೂ ಮುಟ್ಟಲಿಲ್ಲ.

ಇಷ್ಟಾದ ಮೇಲೆ ತಿಳಿದದ್ದು, ಚೀಟಿಯಲ್ಲಿ ಆಟ ಇದೆ, ಹೊತ್ತು ಇದೆ, ಸೀಟಿಲ್ಲ. ಕಡೇ ಸಾಲು ಮೊದಲು ಓಡಿದವರಿಗೆ. ಚಿತ್ರಾ ಆಗಲೇ ಮಕ್ಕಳ ನೀರಿನ ಕೊಳದಲ್ಲಿ ಆಡಿ ತೊಪ್ಪೆಯಾಗಿದ್ದಳು. ನಾನು ಅವಳ ತಲೆ ಒರೆಸುತ್ತಿದ್ದೆ. ಕಡೇ ಸಾಲು ಸಿಗದಿದ್ದರೆ ನಾನು ಹತ್ತೋದೇ ಇಲ್ಲ ದೊಡ್ಡಮ್ಮ ಎಂದು ಅವಳ ಬಾಯಿ ವಕ್ರವಾಯಿತು. ನನ್ನ ಕೈಯಲ್ಲಿ ಟವೆಲ್ ಇತ್ತು.

ಐದು ನಿಮಿಷ ಮುಂಚೆ ನಾನು ದೋಣಿಯ ಹಿಂಬದಿಗೆ ಹೋದೆ. ಹಿಂದಿನ ಸರದಿಯವರು ಇಳಿಯುತ್ತಿದ್ದರು. ಬೇಲಿಯ ಕಬ್ಬಿಣದ ಕಂಬಿ ನನ್ನ ಎದೆಯ ಮಟ್ಟಕ್ಕಿತ್ತು. ಬಗ್ಗಿ ಕೈ ಚಾಚಿದರೆ ಕಡೇ ಸಾಲಿನ ಸೀಟು ಎಟುಕುತ್ತಿತ್ತು. ಅಪ್ಪ ಸೊಂಟ ಹಿಡಿದು ಎತ್ತಿದ್ದು ನೆನಪಾಗಿ ನಗು ಬಂತು. ಕೆಂಪು ಟವೆಲ್ಲನ್ನು ಉದ್ದಕ್ಕೆ ಹಾಸಿದೆ. ಒಂದು ತುದಿ ಸೀಟಿನ ಪಕ್ಕದಲ್ಲಿ ಕೆಳಕ್ಕೆ ಇಳಿಬಿತ್ತು. ಎಂ.ಎ. ಆಗಿ ಹದಿನೈದು ವರ್ಷದ ಮೇಲೆ, ಪಾಠ ಹೇಳುವ ಟೀಚರು, ಸಾಲಿನಲ್ಲಿ ನಿಲ್ಲಬೇಕೆಂದು ಭಾಷಣ ಮಾಡಿದವಳು. ನನಗೆ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ.

ಗೇಟಿನಲ್ಲಿ ಹನ್ನೆರಡು ಹತ್ತರವರೂ, ಹನ್ನೊಂದು ಐವತ್ತು ತಪ್ಪಿಸಿಕೊಂಡವರೂ, ಚೀಟಿಯೇ ಇಲ್ಲದವರೂ ಸೇರಿ ಗಲಾಟೆ ಎಬ್ಬಿಸಿದ್ದರು. ದೋಣಿ ನಡೆಸುವವರು ಒಬ್ಬರೇ. ಐವತ್ತು ದಾಟಿದ ಮನುಷ್ಯ, ಖಾಕಿ ಅಂಗಿ, ಹಣೆಯಲ್ಲಿ ವಿಭೂತಿ. ಮಹದೇವಪ್ಪ ಎಂದು ಯಾರೋ ಕೂಗುತ್ತಿದ್ದರು. ಶೈಲಾ ಮತ್ತು ಚಿತ್ರಾ ಓಡಿ ಬಂದು ಕಡೇ ಸಾಲು ಸೇರಿದರು. ಬಸ್ಸಿನಲ್ಲಾದರೆ ಟವೆಲ್ ಎತ್ತಿ ಕೂರುತ್ತಾರೆ. ಚಿತ್ರಾಳ ಲಂಗ ಒದ್ದೆಯಿತ್ತು, ಸೀಟು ಬಿಸಿಲಿಗೆ ಕಾದಿತ್ತು. ಶೈಲಾ ಟವೆಲ್ಲನ್ನು ಎತ್ತದೆ ಮಗಳನ್ನು ಅದರ ಮೇಲೇ ಕೂರಿಸಿದಳು. ಮಹದೇವಪ್ಪ ಸಾಲು ಸಾಲಿಗೂ ತೊಡೆಯ ಮೇಲೆ ಬರುವ ಅಡ್ಡಕಂಬಿ ಇಳಿಸುತ್ತ ಬಂದರು. ಕಂಬಿಯ ತುದಿ ಪಕ್ಕದ ಒಂದು ಗುಳಿಯೊಳಗೆ ಕೂತು ಬೀಗ ಬೀಳಬೇಕು. ಕಡೇ ಸಾಲಿನಲ್ಲಿ ಕಂಬಿಯ ಜೊತೆಗೆ ಟವೆಲ್ಲಿನ ತುದಿಯೂ ಗುಳಿಯೊಳಗೆ ಹೋಯಿತು.

ನಾನು ಅದನ್ನು ನೋಡಿದೆ. ಬೇಲಿಯ ಈಚೆಯಿಂದ, ನಾಲ್ಕು ಮಾರು ದೂರದಿಂದ, ಹಾಡುಹಗಲಲ್ಲಿ ನೋಡಿದೆ. ಸದ್ಯ, ಸಿಕ್ಕಿಕೊಂಡಿತು, ಗಾಳಿಗೆ ಹಾರಿಹೋಗುವುದಿಲ್ಲ ಎಂದುಕೊಂಡೆ. ಅಮ್ಮನ ಟವೆಲ್ಲಿನ ಚಿಂತೆ ನನಗೆ. ಮಹದೇವಪ್ಪ ಕಂಬಿಯನ್ನು ಎಳೆದು ನೋಡಿದರು. ಬಟ್ಟೆ ಒತ್ತರಿಸಿಕೊಂಡಿದ್ದರಿಂದ ಕಂಬಿ ಅಲುಗಲಿಲ್ಲ. ಗೇಟಿನವರು ಅರಚುತ್ತಿದ್ದರು. ಅವರು ಆ ಕಡೆ ಹೋದರು. ಅಲ್ಲಿಂದ ದೋಣಿ ಹೊರಡುವವರೆಗೆ ನಾಲ್ಕು ನಿಮಿಷ. ನಾಲ್ಕು ನಿಮಿಷದಲ್ಲಿ ‘ರೀ, ಬಟ್ಟೆ ಸಿಕ್ಕಿದೆ’ ಎಂದು ಎಷ್ಟು ಸಲ ಹೇಳಬಹುದು ಎಂದು ಆಮೇಲೆ ನಾನು ಹೇಳಿ ನೋಡಿದ್ದೇನೆ. ಲೆಕ್ಕವಿಲ್ಲದಷ್ಟು ಸಲ.

ದೋಣಿ ತೂಗತೊಡಗಿತು. ಚಿತ್ರಾ ನನ್ನ ಕಡೆ ಕೈ ಬೀಸಿದಳು. ಆರನೆಯದೋ ಏಳನೆಯದೋ ಸಲ ಅವರ ತುದಿ ಮೇಲೆ ಹೋದಾಗ ಕೆಂಪಗೆ ಏನೋ ಪಟಪಟ ಎಂದಿತು. ಟವೆಲ್ ಬಿಡಿಸಿಕೊಂಡಿತ್ತು. ಅಯ್ಯೋ ಹೋಯಿತಲ್ಲ ಎಂದುಕೊಂಡೆ. ಟವೆಲ್ಲನ್ನು ಕುರಿತೇ ಹಾಗೆಂದುಕೊಂಡದ್ದು. ಆಮೇಲೆ ಕಂಬಿ ಕಂಡಿತು. ಅದು ಬಾಗಿಲು ತೆರೆಯುವ ಹಾಗೆ ನಿಧಾನವಾಗಿ ಮೇಲಕ್ಕೇಳುತ್ತಿತ್ತು. ಚಿತ್ರಾ ಸೀಟಿನಿಂದ ಮುಂದಕ್ಕೆ ಜಾರಿದಳು. ಶೈಲಾ ಒಂದು ಕೈಯಲ್ಲಿ ಮುಂದಿನ ಸೀಟಿನ ಬೆನ್ನು ಹಿಡಿದು, ಇನ್ನೊಂದು ಕೈಯಲ್ಲಿ ಮಗಳ ಲಂಗದ ಪಟ್ಟಿ ಹಿಡಿದಿದ್ದಳು. ಮಗುವಿನ ಎರಡು ಕಾಲು ಹೊರಗಿದ್ದವು.

ನಾನು ಕೂಗಲಿಲ್ಲ. ಕೂಗಿದೆನೆಂದು ಆಮೇಲೆ ಎಲ್ಲರಿಗೂ ಹೇಳಿದೆ. ಮಹದೇವಪ್ಪ ತಾವೇ ನೋಡಿ ಬ್ರೇಕು ಎಳೆದರು. ಆ ದೋಣಿ ಬಸ್ಸಲ್ಲ, ಬ್ರೇಕು ಹಾಕಿದ ಕಡೆ ನಿಲ್ಲುವುದಿಲ್ಲ. ತೂಗಿ ತೂಗಿ ತಾನೇ ದಣಿಯಬೇಕು. ಹನ್ನೊಂದು ಸಲ ತೂಗಿತು. ಪ್ರತಿ ಸಲವೂ ಸ್ವಲ್ಪ ಕಡಿಮೆ. ಹಿಂದೆ ಬೆಂಚಿನ ಮೇಲೆ ಅಮ್ಮ ಈ ಕಡೆ ಬೆನ್ನು ಹಾಕಿ ಚುರುಮುರಿ ತಿನ್ನುತ್ತಿದ್ದಳು.

ಆದದ್ದಿಷ್ಟೇ. ಚಿತ್ರಾಳ ಗದ್ದ ತರಚಿತ್ತು, ವಾಂತಿ ಮಾಡಿಕೊಂಡಳು. ಶೈಲಾಳ ಬೆರಳುಗಳನ್ನು ಸೀಟಿನ ಬೆನ್ನಿನಿಂದ ಮಹದೇವಪ್ಪನವರು ಒಂದೊಂದಾಗಿ ಬಿಡಿಸಬೇಕಾಯಿತು. ಅವಳು ಕೆಳಗಿಳಿದವಳೇ ಅವರ ಮುಖಕ್ಕೆ ನಿಂತು, ನಿಮ್ಮನೇಲಿ ಮಕ್ಕಳಿಲ್ವಾ, ಕುಡಿದು ಬಂದಿದ್ದೀರಾ, ನಿಮ್ಮ ವಂಶ ಏನಾಗುತ್ತೆ ನೋಡಿ ಎಂದೆಲ್ಲ ಅಂದಳು. ಅವರು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡರು. ನಾನು ಪಕ್ಕದಲ್ಲಿದ್ದೆ. ಶೈಲಾ ಮಗಳನ್ನು ಎತ್ತಿಕೊಂಡು ಅಮ್ಮನ ಕಡೆ ಹೋದ ಮೇಲೆ ಮಹದೇವಪ್ಪ ದೋಣಿಯ ಅಡಿಯಿಂದ ಟವೆಲ್ ಎತ್ತಿ ತಂದರು. ಅದರ ಒಂದು ಮೂಲೆ ಗ್ರೀಸಿನಿಂದ ಕಪ್ಪಾಗಿತ್ತು.

“ಇದು ನಿಮ್ದಾ ಅಮ್ಮ?”

“ಅಲ್ಲ,” ಅಂದೆ.

ಯೋಚನೆ ಮಾಡಿ ಹೇಳಿದ್ದಲ್ಲ. ಬಸ್ಸಿನಲ್ಲಿ ‘ಟವೆಲ್ ಯಾರದು’ ಎಂದರೆ ‘ನಮ್ಮದು’ ಎಂದು ನಾಲ್ಕು ಸೀಟಿನಾಚೆಯಿಂದ ಕಿರುಚುತ್ತಿದ್ದ ಹುಡುಗಿ ನಾನು. ಅಮ್ಮ ಮನೆಯಲ್ಲಿ ಬುಟ್ಟಿ ಬರಿದು ಮಾಡುವಾಗ ಟವೆಲ್ ಎಲ್ಲೇ ಎಂದಳು. ಅಲ್ಲೇ ಬಿದ್ದುಹೋಯಿತು ಎಂದೆ. ಅವಳು ಮತ್ತೆ ಕೇಳಲಿಲ್ಲ.

ಮಾರನೆಯ ದಿನ ಶೈಲಾ ನಮ್ಮ ಮನೆಗೆ ಬಂದಳು. ಪಾರ್ಕಿನವರಿಗೆ ಒಂದು ದೂರು ಬರೆದುಕೊಡು ಅಕ್ಕ, ನಿನ್ನ ಹಾಗೆ ಬರೆಯಲು ನನಗೆ ಬರುವುದಿಲ್ಲ, ನಾನು ಸಹಿ ಹಾಕುತ್ತೇನೆ ಎಂದಳು. ಬರೆಯಲಾರೆ ಎನ್ನಲು ನನ್ನ ಹತ್ತಿರ ಒಂದೇ ಕಾರಣವಿತ್ತು, ಅದನ್ನು ಹೇಳುವ ಹಾಗಿರಲಿಲ್ಲ. ಬರೆದೆ. ಕಷ್ಟವಾಗಬಹುದು ಎಂದುಕೊಂಡಿದ್ದೆ, ಆಗಲಿಲ್ಲ. ಕೈ ತಾನಾಗಿ ಓಡಿತು. ಕಂಬಿ ಸರಿಯಾಗಿ ಬಿದ್ದಿದೆಯೇ ಎಂದು ಪರೀಕ್ಷಿಸದ ಸಿಬ್ಬಂದಿಯ ಬೇಜವಾಬ್ದಾರಿ ಎಂದು ಬರೆದೆ. ಬೇಜವಾಬ್ದಾರಿ ಸಾಲದು ಎನ್ನಿಸಿ ನಿಘಂಟು ತೆಗೆದು ಹುಡುಕಿ, ಹೊಡೆದು ಹಾಕಿ, ಅಕ್ಷಮ್ಯ ನಿರ್ಲಕ್ಷ್ಯ ಎಂದು ತಿದ್ದಿದೆ. ಪುಟದ ಗುರುತಿಗೆ ಕೈಗೆ ಸಿಕ್ಕಿದ ಹಳದಿ ಕಾಗದ ಇಟ್ಟೆ. ಶೈಲಾ ಓದಿ ಕಣ್ಣೊರೆಸಿಕೊಂಡು, ಎಷ್ಟು ಚೆನ್ನಾಗಿ ಬರೆದಿದ್ದೀಯ ಎಂದಳು. ನನ್ನ ಓದು ಮನೆಯವರಿಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಆಮೇಲೆ ನಿದ್ದೆ ಹೋಯಿತು. ಬರುತ್ತಿತ್ತು, ಒಂದು ಗಂಟೆ ಇದ್ದು ಎದ್ದು ಹೋಗುತ್ತಿತ್ತು. ಕಣ್ಣು ಮುಚ್ಚಿದರೆ ಕಂಬಿ ನಿಧಾನವಾಗಿ ಮೇಲೇಳುತ್ತಿತ್ತು. ನನ್ನ ಗಂಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಪಿತ್ತ ಎಂದರು, ಅಮ್ಮ ದೃಷ್ಟಿ ಎಂದಳು. ಹಗಲು ಪಾಠ ಮಾಡುತ್ತಿದ್ದಾಗ ಕಿಟಕಿಯಾಚೆ ಯಾರ ಮನೆಯದೋ ಬಟ್ಟೆ ತಂತಿಯ ಮೇಲೆ ಪಟಪಟ ಎಂದರೆ ವಾಕ್ಯ ಅರ್ಧಕ್ಕೆ ನಿಲ್ಲುತ್ತಿತ್ತು. ಚಿತ್ರಾ ಮಾತ್ರ ಒಂದೇ ವಾರಕ್ಕೆ ಗದ್ದದ ಹಕ್ಕಳೆ ಕಿತ್ತು, ಕಡೇ ಸಾಲಿನಲ್ಲಿ ಕೂತದ್ದನ್ನು ಸ್ಕೂಲಿಗೆಲ್ಲ ಹೇಳಿಕೊಂಡು ತಿರುಗಿದಳು. ರಾತ್ರಿ ಉಳಿಯಲು ಬಂದಾಗ ನನ್ನ ಪಕ್ಕದಲ್ಲೇ ಮಲಗುತ್ತಿದ್ದಳು. ನಾನು ಅವಳ ಲಂಗದ ಪಟ್ಟಿ ಹಿಡಿದುಕೊಂಡು ಮಲಗುತ್ತಿದ್ದೆ.

ಶ್ರಾವಣದ ಒಂದು ದಿನ ಮಧ್ಯಾಹ್ನದ ಪಾಠಕ್ಕೆ ರಜೆ ಹಾಕಿ ಒಬ್ಬಳೇ ಪಾರ್ಕಿಗೆ ಹೋದೆ. ಯಾಕೆ ಎಂದು ಆಗ ಗೊತ್ತಿರಲಿಲ್ಲ. ದೋಣಿಯ ಹತ್ತಿರ ಬೇರೆ ಯಾರೋ ಇದ್ದರು. ಮಹದೇವಪ್ಪ ಎಲ್ಲಿ ಎಂದು ಕೇಳಿದ್ದಕ್ಕೆ ಚೀಟಿಯ ಕಿಟಕಿ ತೋರಿಸಿದರು. ಅವರು ಒಳಗೆ ಕೂತು ಮುದ್ರೆ ಒತ್ತುತ್ತಿದ್ದರು.

“ಯಾವಾಟ, ಎಷ್ಟು ಜನ?”

ಆಟ ಬೇಡ ಎಂದೆ. ಅವರು ತಲೆಯೆತ್ತಿ ನೋಡಿದರು. ಗುರುತು ಸಿಕ್ಕಿತು.

“ಮಗೀಗೆ ಎಂಗದೆ ಈಗ?”

ಚೆನ್ನಾಗಿದ್ದಾಳೆ ಎಂದೆ. ಒಂದು ಗಂಟೆಗೆ ಊಟಕ್ಕೆ ಬಿಡುತ್ತಾರೆ, ಅಲ್ಲಿ ಹೊಂಗೆ ಮರದ ಕೆಳಗೆ ಕೂತಿರಿ ಎಂದು ಹೇಳಿ ಹಿಂದಿದ್ದವರಿಗೆ ಮುದ್ರೆ ಒತ್ತಿದರು.

ಅವರು ಮೇಟಗಳ್ಳಿಯವರಂತೆ. ಇಪ್ಪತ್ತು ವರ್ಷ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಮಿಷನ್ ಕೆಲಸ ಮಾಡಿ, ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದವರು. ದೋಣಿಯನ್ನು ಕಂಬಕ್ಕೆ ಕೂರಿಸುವ ದಿನದಿಂದ ಅವರೇ ನೋಡಿಕೊಂಡದ್ದು. ಈಗ ಮಿಷನ್ನು ಮುಟ್ಟಬಾರದು ಎಂದು ಹೇಳಿ ಇಲ್ಲಿ ಕೂರಿಸಿದ್ದರು. ಇದನ್ನೆಲ್ಲ ಅವರು ಕ್ಯಾರಿಯರಿನ ಮುಚ್ಚಳ ಬಿಚ್ಚುತ್ತ, ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದರು. ಆ ಟವೆಲ್ ನನ್ನದು ಎಂದೆ.

“ಗೊತ್ತು ಕಣಮ್ಮ. ಕೊಳದ ತಾವ ಮಗೀನ ತಲೆ ಒರಿಸ್ತಿದ್ರಲ್ಲ, ಕಂಡಿದ್ದೆ. ಅಲ್ಲ ಅಂದ್ರಿ. ಎದ್ರಿಕಂಡವ್ರೆ ಅಂತ ಸುಮ್ಕಾದೆ.”

“ಮೇನೇಜರಿಗೆ ಹೇಳಬಹುದಾಗಿತ್ತಲ್ಲ.”

“ಏಳ್ದೆ. ಬಟ್ಟೆ ತೋರ್ಸಿ ಇದು ಸಿಕ್ಕಾಕೊಂಡಿತ್ತು ಸಾರ್ ಅಂದೆ. ಯಾರ್ದಯ್ಯಾ ಅಂದ್ರು. ಯಾರ್ದೂ ಅಲ್ವಂತೆ ಅಂದೆ. ಅಂಗಾದ್ರೆ ಅದು ನೀನು ಮಿಷನ್ ಒರಿಸೋ ಬಟ್ಟೆ, ನೀನೇ ಬುಟ್ಟಿದ್ದೀಯ ಅಂದ್ರು.”

ಅವರು ಎರಡು ತುತ್ತು ತಿಂದರು.

“ನಂದೂ ತಪ್ಪದೆ. ಎಳ್ದು ನೋಡ್ದೆ, ಬಿಗಿಯಾಗಿತ್ತು. ಬಗ್ಗಿ ನೋಡ್ಬೇಕಿತ್ತು. ಗೇಟಲ್ಲಿ ಚೀಟಿ ಇಡ್ಕಂಡು ಅಷ್ಟು ಜನ ಬಡ್ಕೋತಿದ್ರು, ಬಗ್ಗನಿಲ್ಲ.” ಆಮೇಲೆ ಏನೋ ನೆನಪಾದವರ ಹಾಗೆ ಕೇಳಿದರು. “ನೀವು ಓದಿರೋರು. ಅಕ್ಷಮ್ಯ ಅಂದ್ರೆ ಏನಮ್ಮ? ಆ ಕಾಗ್ದದಲ್ಲಿತ್ತು. ಮೇನೇಜರ್ರು ಎರಡು ಸಲ ಓದಿದ್ರು. ಕೇಳಕ್ಕೆ ನಾಚ್ಕೆ ಆಯ್ತು.”

ಹದಿನೈದು ವರ್ಷದಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ಪದಗಳ ಅರ್ಥ ಹೇಳಿದ್ದೇನೋ. ಕ್ಷಮಿಸೋಕೆ ಆಗದೇ ಇರೋದು ಎಂದೆ. ಅವರು ತಲೆಯಾಡಿಸಿ, ಓ ಅಂಗಾ ಎಂದರು. ಕಾಗದ ಬರೆದದ್ದು ನಾನು ಎಂದು ಅದಾದ ಮೇಲೆ ಹೇಳಿದೆ. ಅವರಿಗೆ ಸಿಟ್ಟು ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಕ್ಯಾರಿಯರ್ ಮುಚ್ಚಿ, ಕಿಟಕಿಯ ಕೋಣೆಗೆ ಹೋಗಿ, ಟವೆಲ್ ತಂದು ನನ್ನ ಪಕ್ಕದಲ್ಲಿಟ್ಟರು. ಮಡಿಸಿ ಇಟ್ಟಿದ್ದರು. ಯಾರಾದರೂ ನಮ್ಮದು ಎಂದು ಕೇಳಿಕೊಂಡು ಬರಬಹುದು ಎಂದು ಇಟ್ಟುಕೊಂಡಿದ್ದರಂತೆ.

“ನಿಮ್ಗೆ ನಿದ್ದೆ ಬತ್ತದಾ ಅಮ್ಮ?”

“ಇಲ್ಲ.”

“ನಂಗೂ ಇಲ್ಲ. ಆ ಎರಡು ಕಾಲು ಕಾಣ್ತವೆ.” ಏಳುವಾಗ ಹೇಳಿದರು. “ನಿಮ್ಮ ತಂಗಿ ನಂಗೆ ಅವತ್ತು ಒಂದ್ಮಾತು ಅಂದ್ರು. ಕುಡ್ದಿದ್ದೀನಿ ಅಂತ. ನಾನು ಮುಟ್ದೋನಲ್ಲ. ಅವ್ರು ಬಂದು ಏನೂ ಏಳೋದು ಬ್ಯಾಡ. ಅವ್ರಿಗೆ ಗೊತ್ತಾದ್ರೆ ಸಾಕು.”

ಎರಡನೆಯ ಕಾಗದಕ್ಕೆ ನಿಘಂಟು ಬೇಕಾಗಲಿಲ್ಲ. ಎಂಟು ಸಾಲು. ಟವೆಲ್ ನಮ್ಮದು, ಹಾಕಿದವಳು ನಾನು, ಸಿಕ್ಕಿಕೊಂಡದ್ದನ್ನು ನೋಡಿಯೂ ಹೇಳದವಳು ನಾನು, ಕೇಳಿದಾಗ ಸುಳ್ಳು ಹೇಳಿದವಳೂ ನಾನು, ಮೊದಲ ಕಾಗದದಲ್ಲಿ ಆ ಮನುಷ್ಯನ ಬಗ್ಗೆ ಬರೆದದ್ದು ತಪ್ಪು, ಅವರನ್ನು ಅವರ ಕೆಲಸಕ್ಕೆ ಮತ್ತೆ ಹಾಕಬೇಕು. ಅದನ್ನು ಅಂಚೆಗೆ ಹಾಕಿ ಸುಮ್ಮನಿರಬಹುದಾಗಿತ್ತು. ಆದರೆ ಮೊದಲ ಕಾಗದದ ಸಹಿ ಶೈಲಾಳದು. ಇದನ್ನೂ ಅವಳೇ ನೋಡಬೇಕಾಗಿತ್ತು. ಆ ಕಾಗದವನ್ನು ಎಂಟು ದಿನ ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದೆ. ಎರಡು ಸಲ ವಿಜಯನಗರದವರೆಗೆ ಹೋಗಿ, ಕಾಫಿ ಕುಡಿದು, ಸೊಪ್ಪಿನ ಬೆಲೆ ಮಾತಾಡಿ ವಾಪಸ್ಸು ಬಂದೆ.

ಮೂರನೆಯ ಸಲ, ಒಂದು ಗುರುವಾರ ಸಾಯಂಕಾಲ, ಅವಳು ಹುರುಳಿಕಾಯಿ ಸೋಸುತ್ತಿದ್ದಳು. ಕಾಗದ ಕೊಟ್ಟೆ. ನಿಂತೇ ಓದಿದಳು, ಕೂತು ಮತ್ತೆ ಓದಿದಳು. ಚಿತ್ರಾ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು, ಅವಳ ದನಿ ಕೇಳಿಸುತ್ತಿತ್ತು.

“ನೀನು ಪಕ್ಕದಲ್ಲೇ ನಿಂತಿದ್ದೆ ಅಕ್ಕ. ನಾನು ಅವರಿಗೆ ಅಷ್ಟು ಅಂತಿದ್ದಾಗ ಪಕ್ಕದಲ್ಲೇ ನಿಂತಿದ್ದೆ.”

ಹೌದು ಎಂದೆ. ಟವೆಲ್ ಎತ್ತದೆ ಮಗಳನ್ನು ಕೂರಿಸಿದ್ದು ತಾನು ಎಂದು ಅವಳಿಗೆ ಹೊಳೆಯಬಹುದು, ಆಗ ತಪ್ಪನ್ನು ಇಬ್ಬರೂ ಹಂಚಿಕೊಂಡಂತಾಗುತ್ತದೆ ಎಂಬ ಹೇಡಿ ಆಸೆ ನನಗೆ ಎಲ್ಲೋ ಇತ್ತು. ಹೊಳೆಯಿತೋ ಏನೋ, ಹೇಳಲಿಲ್ಲ. ಪೆನ್ನು ತಂದು ನನ್ನ ಹೆಸರಿನ ಕೆಳಗೆ ತನ್ನ ಸಹಿ ಹಾಕಿದಳು. ಕಾಗದವನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು.

“ಚಿತ್ರಾನ ಇನ್ಮೇಲೆ ನಿನ್ನ ಜೊತೆ ಕಳಿಸಲ್ಲ. ಅವಳನ್ನ ಕರೆಯೋಕೂ ಬರಬೇಡ.”

ಬಾಗಿಲ ಹೊರಗೆ ಚಿತ್ರಾ ನನ್ನನ್ನು ಕಂಡು, ದೊಡ್ಡಮ್ಮ ಬ್ಯಾಗು ತರ್ತೀನಿ ಇರು, ಬರ್ತೀನಿ ಎಂದಳು. ಇವತ್ತು ಬೇಡ ಕಣಮ್ಮ ಎಂದು ಬೇಗ ಬೇಗ ಬಸ್ ಸ್ಟಾಪಿಗೆ ನಡೆದೆ. ಅವಳು ಮತ್ತೆ ನನ್ನ ಜೊತೆ ಬಸ್ಸು ಹತ್ತಲು ಎರಡು ವರ್ಷ ಬೇಕಾಯಿತು. ಮಹದೇವಪ್ಪನವರನ್ನು ದಸರಾ ಕಳೆದ ಮೇಲೆ ದೋಣಿಗೆ ವಾಪಸ್ಸು ಹಾಕಿದರಂತೆ. ಅದೂ ಬೇರೆಯವರಿಂದ ಕೇಳಿದ್ದು. ದೋಣಿಯ ಪಕ್ಕದಲ್ಲಿ, ಟವೆಲ್ ಕರವಸ್ತ್ರ ಹಾಕಿ ಸೀಟು ಹಿಡಿಯಬಾರದು ಎಂದು ಒಂದು ಬೋರ್ಡು ಬಂದಿದೆ ಎಂದೂ ಹೇಳಿದರು. ಈ ಊರಿನಲ್ಲಿ ನನ್ನಿಂದಾಗಿ ಬರೆಸಿದ್ದು ಅದೊಂದೇ ವಾಕ್ಯ. ನಾನು ಹೋಗಿ ನೋಡಲಿಲ್ಲ.

ಆ ಗುರುವಾರ ಮನೆಗೆ ಬಂದು ಅಮ್ಮನಿಗೆ ಟವೆಲ್ ಕೊಟ್ಟೆ. ಅವಳು ಬಿಚ್ಚಿ, ಕಪ್ಪಾದ ಮೂಲೆಯನ್ನು ಬೆರಳಿನಿಂದ ತಿಕ್ಕಿ ನೋಡಿ, ನನ್ನ ಮುಖ ನೋಡಿ, ಒಳಗೆ ತೆಗೆದುಕೊಂಡು ಹೋದಳು. ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಯಾರೋ ಕಾಲು ಅಲುಗಿಸಿದರು. ಅಮ್ಮ. ಏಳೂವರೆ ಆಯಿತು, ಇವತ್ತು ಸ್ಕೂಲಿಲ್ವೇನೇ ಎನ್ನುತ್ತಿದ್ದಳು. ಬಿಸಿಲು ಹಾಸಿಗೆಯ ಮೇಲಿತ್ತು. ನಡುವೆ ಒಂದು ಸಲವೂ ಎಚ್ಚರವಾಗಿರಲಿಲ್ಲ. ಹಿತ್ತಲಿಗೆ ಹೋದೆ. ತಂತಿಯ ಮೇಲೆ ಟವೆಲ್ ಒಣಗುತ್ತಿತ್ತು, ಅಮ್ಮ ಆಗಲೇ ಒಗೆದು ಹಾಕಿದ್ದಳು. ಗಾಳಿಗೆ ಪಟಪಟ ಎಂದಿತು. ನಾನು ಅಲ್ಲೇ ನಿಂತು ಹಲ್ಲುಜ್ಜಿದೆ. ಮೂಲೆಯ ಕಲೆ ಹೋಗಿರಲಿಲ್ಲ.